ಫೆಬ್ರವರಿ ಸಂಬಳದ ಬಿಲ್ ಹೋಗುವ ಮುಂಚೆ ಕಚೇರಿಗೆ ಬಾಡಿಗೆ ಲೆಕ್ಕ ಹೇಳಿಬಿಡಿ

ಗಂಗಾವತಿಯಲ್ಲಿ ನನ್ನದೊಂದು ಮಳಿಗೆ ಇದೆ. ಬೀಜ-ಗೊಬ್ಬರದವರಿಗೆ ತಿಂಗಳಿಗೆ 15,000ಕ್ಕೆ ಬಾಡಿಗೆ ಕೊಟ್ಟಿದ್ದೇನೆ. ಕೆಲಸ ಮೇಷ್ಟ್ರದು. ಜುಲೈ ಕೊನೆಗೆ ಆದಾಯ ತೆರಿಗೆ ರಿಟರ್ನ್ ತುಂಬಲು ಕೂತರೆ ಕಟ್ಟಬೇಕಾದ ಮೊತ್ತ 80,000 ದಾಟಿತ್ತು. ಸಂಬಳಕ್ಕೆ ತೆರಿಗೆ ಸೊನ್ನೆ ಅಂತ ವರ್ಷವಿಡೀ ಆರಾಮಾಗಿದ್ದವನು ನಾನು!

ಆದದ್ದು ಇಷ್ಟೇ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ನನ್ನ ಸಂಬಳ 11,50,000. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ಕಚೇರಿಯವರು ಒಂದು ರೂಪಾಯಿಯೂ ಹಿಡಿಯಲಿಲ್ಲ. ಅವರಿಗೆ ಬಾಡಿಗೆ ವಿಷಯ ಗೊತ್ತೇ ಇರಲಿಲ್ಲ, ನಾನು ಹೇಳಿರಲಿಲ್ಲ. ವರ್ಷದ ಬಾಡಿಗೆ 1,80,000, ಅದರಲ್ಲಿ ರಿಪೇರಿ ಲೆಕ್ಕಕ್ಕೆ ಅಂತ 30% ಬಿಟ್ಟರೆ 1,26,000. ಕೂಡಿಸಿದರೆ 12,76,000. ರಿಬೇಟ್ ಹಾರಿಹೋಯಿತು, ಸೆಸ್ ಸೇರಿ ತೆರಿಗೆ 74,256. ಮೇಲೆ ಬಡ್ಡಿ ಸುಮಾರು 6,700.

ಬಡ್ಡಿ ಯಾಕೆ? ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಳೆದು ಇನ್ನೂ 10,000 ಅಥವಾ ಅದಕ್ಕಿಂತ ಜಾಸ್ತಿ ತೆರಿಗೆ ಉಳಿದರೆ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ಆ ವರ್ಷದೊಳಗೇ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಜೂನ್ 15ರೊಳಗೆ 15%, ಸೆಪ್ಟೆಂಬರ್ 15ಕ್ಕೆ ಒಟ್ಟು 45%, ಡಿಸೆಂಬರ್ 15ಕ್ಕೆ 75%, ಮಾರ್ಚ್ 15ಕ್ಕೆ ಪೂರ್ತಿ. ಕಂತು ತಪ್ಪಿದರೆ ತಿಂಗಳಿಗೆ 1% ಲೆಕ್ಕದಲ್ಲಿ ಬಡ್ಡಿ. ಮಾರ್ಚ್ 31ರೊಳಗೆ 90% ಆದರೂ ಕಟ್ಟಿರದಿದ್ದರೆ ಏಪ್ರಿಲ್‌ನಿಂದ ಇನ್ನೊಂದು ಬಡ್ಡಿ ಬೇರೆ ಶುರು. ನನ್ನ ಬಾಡಿಗೆಯವರು ಭತ್ತದ ಕಟಾವಾಗಿ ರೈತರ ಕೈಗೆ ದುಡ್ಡು ಬಂದ ಮೇಲೆ ನಾಲ್ಕು ತಿಂಗಳದ್ದು ಒಟ್ಟಿಗೆ ಕೊಡುತ್ತಾರೆ, ಆದರೆ ಜೂನ್ ಕಂತಿಗೆ ಭತ್ತದ ಸುಗ್ಗಿ ಗೊತ್ತಿಲ್ಲ.

ಈಗ ಮುಖ್ಯ ವಿಷಯ. ಅಡ್ವಾನ್ಸ್ ಟ್ಯಾಕ್ಸ್‌ಗೆ ತಾರೀಖು ಇದೆ, ಟಿಡಿಎಸ್‌ಗೆ ಆ ಕಾಟವಿಲ್ಲ. ಕಂತಿನ ಬಡ್ಡಿ ಲೆಕ್ಕ ಹಾಕುವಾಗ ಮೊದಲು ವರ್ಷದ ಟಿಡಿಎಸ್ ಪೂರ್ತಿ ಕಳೆಯುತ್ತಾರೆ. ಅದನ್ನು ಜೂನ್‌ನಲ್ಲಿ ಹಿಡಿದರೋ ಫೆಬ್ರವರಿಯಲ್ಲೋ ಅಂತ ಕೇಳುವುದಿಲ್ಲ. ಹಾಗಾಗಿ ಸಂಬಳ ಬರುವವರು ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವನ್ನೂ ಕಚೇರಿಗೆ ಬರೆದುಕೊಟ್ಟು ಸಂಬಳದಲ್ಲೇ ಹಿಡಿಯಿರಿ ಅಂತ ಕೇಳಬಹುದು, ಕಾನೂನಿನಲ್ಲೇ ಇದಕ್ಕೆ ದಾರಿ ಇದೆ. ಜೂನ್, ಸೆಪ್ಟೆಂಬರ್ ಕಂತು ತಪ್ಪಿದವರಿಗೂ ಇದು ಆಗುತ್ತದೆ. ಆದರೆ ಫೆಬ್ರವರಿ ಬಿಲ್ ಹೋಗುವ ಮುಂಚೆ ಹೇಳಿ. ನಾನಂತೂ ಈ ಸಲ ಮೇ ತಿಂಗಳಲ್ಲೇ ಕೊಟ್ಟೆ, ತಿಂಗಳಿಗೆ ಏಳು ಸಾವಿರ ಚಿಲ್ಲರೆ ಹೋಗುತ್ತದೆ. ಇಲ್ಲದಿದ್ದರೆ ಸ್ಟಾಫ್ ರೂಮಿನಲ್ಲಿ ಪ್ರತಿ ವರ್ಷ ಕೇಳುವ ಅದೇ ಗೋಳು, ಫೆಬ್ರವರಿ ಸಂಬಳ ಪೂರಾ ಟ್ಯಾಕ್ಸಿಗೇ ಹೋಯ್ತು ಅಂತ.

ಎಫ್‌ಡಿ ಬಗ್ಗೆ ಒಂದು ಮಾತು. ಬ್ಯಾಂಕಿನವರು 10% ಹಿಡಿದಿದ್ದಾರೆ, ಮುಗೀತು ಅಂದುಕೊಳ್ಳಬೇಡಿ. ನಿಮ್ಮ ಸ್ಲ್ಯಾಬ್ 20% ಇದ್ದರೆ ಉಳಿದದ್ದು ನಿಮ್ಮ ತಲೆ ಮೇಲೇ. ಮನೆಯಲ್ಲಿ 60 ದಾಟಿದವರಿದ್ದು ಅವರಿಗೆ ವ್ಯಾಪಾರದ ಆದಾಯ ಇಲ್ಲದಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ, ರಿಟರ್ನ್ ಹೊತ್ತಿಗೆ ಕಟ್ಟಿದರೆ ಸಾಕು.

ಸಂಬಳವೇ ಇಲ್ಲದವರಿಗೆ ದಾರಿ ಬೇರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಘಟಕದವರು ಅಂದಾಜು ಲಾಭದ ಪದ್ಧತಿಯಲ್ಲಿದ್ದರೆ (ಪೂರ್ತಿ ಲೆಕ್ಕಪುಸ್ತಕ ಇಡದೆ, ನಿಗದಿತ ಲೆಕ್ಕದಲ್ಲಿ ಲಾಭ ಅಂದಾಜಿಸಿ ತೆರಿಗೆ ಕಟ್ಟುವುದು) ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಬಹುದು. ಅದಿರಿನ ಲಾರಿ ಓಡಿಸುವವರು ನಮಗೂ ಹಾಗೇ ಅಂದುಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ. ಲಾರಿಗೂ ಅಂದಾಜು ಲಾಭದ ಪದ್ಧತಿ ಇದೆ ನಿಜ, ಆದರೆ ಒಂದೇ ಕಂತಿನ ಸವಲತ್ತು ಅದಕ್ಕಿಲ್ಲ, ನಾಲ್ಕೂ ತಾರೀಖು ಲಾಗೂ. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇದ್ದು ಪ್ಯಾನ್ ಜೊತೆ ಘೋಷಣೆ ಬರೆದುಕೊಟ್ಟರೆ ಲಾರಿ ಬಾಡಿಗೆಯಲ್ಲಿ ಟಿಡಿಎಸ್ಸೂ ಹಿಡಿಯುವುದಿಲ್ಲ, ಅಂದರೆ ಪೂರ್ತಿ ತೆರಿಗೆ ನೀವೇ ಕಟ್ಟಬೇಕು.

ಕಟ್ಟುವುದು ಸುಲಭ. ಇಲಾಖೆಯ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್, ಲಾಗಿನ್ ಕೂಡ ಬೇಡ, ಪ್ಯಾನ್ ಮತ್ತು ಮೊಬೈಲ್ ಓಟಿಪಿ ಸಾಕು. ಅಡ್ವಾನ್ಸ್ ಟ್ಯಾಕ್ಸ್ ಅಂತ ಇರುವುದನ್ನೇ ಆರಿಸಿ, ವರ್ಷವನ್ನು ಎರಡು ಸಲ ನೋಡಿ. ಮಾರ್ಚ್ 15 ತಪ್ಪಿದರೂ 31ರೊಳಗೆ ಕಟ್ಟಿದ್ದು ಅಡ್ವಾನ್ಸ್ ಟ್ಯಾಕ್ಸ್ ಅಂತಲೇ ಲೆಕ್ಕ. ಚಲನ್ ಇಳಿಸಿ ಇಟ್ಟುಕೊಳ್ಳಿ, ಜುಲೈಯಲ್ಲಿ ಹುಡುಕಾಡುವುದು ತಪ್ಪುತ್ತದೆ.