ಡಿವಿಆರ್‌ನ ಹಾರ್ಡ್ ಡಿಸ್ಕ್ ಸಾಯುವ ಮೊದಲು ನಾನು ಮಾಡಿದ್ದು

ಒಣಗಲು ಹಾಕಿದ ಅಡಿಕೆ ರಾತ್ರೋರಾತ್ರಿ ಮಾಯವಾಗುವುದು ನಮ್ಮ ಮಲೆನಾಡಿನ ಕಡೆ ಹೊಸ ಸುದ್ದಿಯೇನಲ್ಲ. ಹಾಗಾಗಿ ಮನೆಯಂಗಳಕ್ಕೆ ನಾಲ್ಕು ಕ್ಯಾಮೆರಾ, ಅವುಗಳ ಚಿತ್ರ ದಾಖಲಿಸುವ ಪೆಟ್ಟಿಗೆ ಅಂದರೆ ಒಂದು ಡಿವಿಆರ್, ಅದರೊಳಗೆ 1 ಟಿಬಿ ಹಾರ್ಡ್ ಡಿಸ್ಕ್. ಆ ಡಿಸ್ಕ್ ಕೈಕೊಡಲು ಆರಿಸಿಕೊಂಡದ್ದು ಸರಿಯಾಗಿ ಕೊಯ್ಲಿನ ಹೊತ್ತನ್ನೇ. ಲೈವ್ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಹಳೆಯದನ್ನು ನೋಡಲು ಹೋದರೆ ಟೈಮ್‌ಲೈನ್‌ನಲ್ಲಿ ಅಲ್ಲಲ್ಲಿ ಖಾಲಿ ಜಾಗ. ಪ್ಲೇ ಮಾಡಿದರೆ ಮಧ್ಯದಲ್ಲಿ ಚಿತ್ರ ನಿಂತೇಬಿಡುತ್ತಿತ್ತು. ಪೆಟ್ಟಿಗೆಗೆ ಕಿವಿಗೊಟ್ಟರೆ ಟಿಕ್, ಟಿಕ್.

ಸುಮ್ನೆ ಹೊಸ ಡಿಸ್ಕ್ ಹಾಕಿ ಮುಗಿಸಬಹುದಿತ್ತು. ಆದರೆ ಪಕ್ಕದ ತೋಟದವರ ಮೂಟೆಗಳು ಕಳುವಾಗಿದ್ದವು. ಆ ರಾತ್ರಿ ನಮ್ಮ ಗೇಟಿನ ಮುಂದೆ ಯಾವ ಗಾಡಿ ಹೋಯಿತು ಎನ್ನುವುದು ಈ ಡಿಸ್ಕ್‌ನಲ್ಲೇ ಇತ್ತು.

ಮೊದಲು ನೋಡಿದ್ದು ಅಡಾಪ್ಟರ್ ಕಡೆ. ಹಳೆಯ 12 ವೋಲ್ಟ್ ಅಡಾಪ್ಟರ್ ಸೊರಗಿದರೆ ಡಿಸ್ಕ್ ಸರಿಯಾಗಿ ತಿರುಗದೆ ಇದೇ ಥರ ಸದ್ದು ಮಾಡುತ್ತದೆ, ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ. ಬೇರೆ ಅಡಾಪ್ಟರ್ ಹಾಕಿದೆ, ಸದ್ದು ಹೋಗಲಿಲ್ಲ. ಅಂದರೆ ರೋಗ ಡಿಸ್ಕ್‌ಗೇ.

ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿದೆ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ನಾವು ಯೋಚಿಸುತ್ತಾ ಕೂತರೆ ಬೇಕಾದ ದೃಶ್ಯವೇ ಅಳಿಸಿಹೋಗುತ್ತದೆ. ಆಮೇಲೆ ಡಿವಿಆರ್ ಗಡಿಯಾರವೂ ಮೊಬೈಲ್ ಗಡಿಯಾರವೂ ಒಟ್ಟಿಗೆ ಕಾಣುವಂತೆ ಒಂದು ಫೋಟೋ ತೆಗೆದೆ. ಡಿವಿಆರ್‌ನ ಸಮಯ ಕೆಲವು ನಿಮಿಷ ಹಿಂದಿತ್ತು. ನಾಳೆ ಯಾರಾದರೂ ಕೇಳಿದರೆ ಹೇಳಲು ಬೇಕಲ್ವಾ?

ಬೇಕಾದ ಗಂಟೆಗಳನ್ನು ಡಿವಿಆರ್‌ನ ಬ್ಯಾಕಪ್ ಮೆನುವಿನಿಂದಲೇ ಪೆನ್‌ಡ್ರೈವ್‌ಗೆ ಇಳಿಸಿದೆ. ಇಡೀ ರಾತ್ರಿಯದನ್ನು ಒಟ್ಟಿಗೆ ಕೇಳಿದರೆ ಕೆಟ್ಟ ಸೆಕ್ಟರ್ (ಡಿಸ್ಕ್‌ನಲ್ಲಿ ಡೇಟಾ ಕೂರುವ ಪುಟ್ಟ ಜಾಗ) ಸಿಕ್ಕ ಕಡೆ ಎಲ್ಲವೂ ನಿಂತುಹೋಗುತ್ತದೆ. ಹದಿನೈದು ಹದಿನೈದು ನಿಮಿಷದ ತುಂಡು ಮಾಡಿದರೆ ಹಾಳಾದ ತುಂಡೊಂದೇ ಕೈತಪ್ಪುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹೇಗೂ ಹಿಡಿಯುವುದಿಲ್ಲ. ಹೆಚ್ಚಿನವರಿಗೆ ಇಷ್ಟು ಸಾಕು. ನನಗೆ ಬೇಕಿದ್ದ ಗಂಟೆಯ ಎರಡು ತುಂಡು ಮಾತ್ರ ಬರಲೇ ಇಲ್ಲ, ಹಾಗಾಗಿ ಡಿಸ್ಕ್ ಹೊರಗೆ ತೆಗೆಯಬೇಕಾಯಿತು.

ಡಿವಿಆರ್‌ನ ತಳದಲ್ಲಿ ನಾಲ್ಕು ಸ್ಕ್ರೂ, ಡಿಸ್ಕ್‌ಗೆ ಡೇಟಾ ಮತ್ತು ಕರೆಂಟ್ ಕೊಡುವ ಎರಡು ಸಾಟಾ ಕೇಬಲ್, ಅಷ್ಟೇ. ಡಿಸ್ಕನ್ನು ಯುಎಸ್‌ಬಿ ಡಾಕ್‌ಗೆ ಹಾಕದೆ ಕಂಪ್ಯೂಟರ್‌ನ ಸಾಟಾ ಪೋರ್ಟ್‌ಗೇ ಕೊಟ್ಟೆ. ಕೆಟ್ಟ ಸೆಕ್ಟರ್ ಎದುರಾದಾಗ ಡಾಕ್‌ಗಳು ಸಂಪರ್ಕವನ್ನೇ ಕಡಿದುಕೊಳ್ಳುವುದುಂಟು. ವಿಂಡೋಸ್‌ಗೆ ಡಿವಿಆರ್‌ನ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಅರ್ಥವಾಗುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಅಪ್ಪಿತಪ್ಪಿಯೂ ಹೂಂ ಅನ್ನಬಾರದು. ನಾನು ಪೆನ್‌ಡ್ರೈವ್‌ನಿಂದ ಉಬುಂಟು (ವಿಂಡೋಸ್ ಬದಲು ಬಳಸುವ ಉಚಿತ ವ್ಯವಸ್ಥೆ) ಶುರು ಮಾಡಿ ಡಿಸ್ಕ್‌ನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ, ನೋಡಿದೆ. 5, 197 ಮತ್ತು 198ನೇ ಸಾಲುಗಳೇ ಮುಖ್ಯ. 5 ಎಂದರೆ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳು. 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದು ಕೂತಿರುವವು. 198 ಎಂದರೆ ತಪಾಸಣೆಯಲ್ಲಿ ಕೈಬಿಟ್ಟವು. ಈ ಮೂರೂ ಸೊನ್ನೆ ಇರಬೇಕು. ನನ್ನದರಲ್ಲಿ ಯಾವುದೂ ಸೊನ್ನೆ ಇರಲಿಲ್ಲ.

ನಕಲಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿದೆ. ಇದು ಜಾಣ ವಿದ್ಯಾರ್ಥಿ ಪರೀಕ್ಷೆ ಬರೆದ ಹಾಗೆ: ಸುಲಭದ್ದನ್ನೆಲ್ಲ ಮೊದಲು ಮುಗಿಸಿ, ಕಷ್ಟದ್ದಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಓದಿದ್ದೇನೆ ಎಂದು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೆ. ಮಧ್ಯೆ ಕರೆಂಟ್ ಹೋಯಿತು (ಹೋಗದಿದ್ದರೆ ಅದು ನಮ್ಮೂರೇ ಅಲ್ಲ), ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯಿತು. ಎಂಟರ್ ಒತ್ತುವ ಮೊದಲು ಮೂಲ ಯಾವುದು, ನಕಲು ಯಾವುದು ಎಂದು ಸೀರಿಯಲ್ ನಂಬರನ್ನು ಲೇಬಲ್ ಜೊತೆ ತಾಳೆ ನೋಡಿ ಖಾತ್ರಿ ಮಾಡಿಕೊಳ್ಳಿ. ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ರೆಕಾರ್ಡಿಂಗ್ ಮೇಲೆ ಕೂರುತ್ತದೆ. ಮೊದಲ ಸುತ್ತಿನಲ್ಲೇ ಬಹುಪಾಲು ಬಂದುಬಿಟ್ಟಿತು. ಉಳಿದ ಚೂರುಪಾರಿಗೆ ರಾತ್ರಿಯಿಡೀ ಬಿಟ್ಟೆ.

ನಕಲನ್ನು ಮಾಡಿದ್ದು ಅಷ್ಟೇ ಗಾತ್ರದ ಇನ್ನೊಂದು ಡಿಸ್ಕ್‌ಗೆ. ಅದನ್ನು ಡಿವಿಆರ್‌ಗೆ ಸಿಕ್ಕಿಸಿ, ರೆಕಾರ್ಡಿಂಗ್ ಬಂದ್ ಇಟ್ಟೇ ಪ್ಲೇ ಮಾಡಿದೆ. ಬಾರದ ಎರಡು ತುಂಡುಗಳಲ್ಲಿ ಒಂದು ಪೂರ್ತಿ ಸಿಕ್ಕಿತು. ಇನ್ನೊಂದರಲ್ಲಿ ಅಲ್ಲಲ್ಲಿ ಚೌಕಚೌಕ ಒಡೆದ ಚಿತ್ರ, ಆದರೂ ಗಾಡಿ ಗುರುತು ಸಿಗುವಷ್ಟಿತ್ತು. ಮೂಲ ಡಿಸ್ಕನ್ನು ಎಸೆಯಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಗುರುತು) ಬರೆಯಬೇಕು. ಮೂಲ ಕೈಯಲ್ಲಿದ್ದರೆ ಒಳ್ಳೆಯದು.

ಹೊಸದಾಗಿ ಕಾಯಂ ಹಾಕಿದ್ದು 2 ಟಿಬಿಯ ಸರ್ವೇಲೆನ್ಸ್ ಡಿಸ್ಕ್. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಈ ಜಾತಿಯವು, ಹಗಲೂ ರಾತ್ರಿ ಬರೆಯುವ ಕೆಲಸಕ್ಕೆಂದೇ ಮಾಡಿದವು. ಅಗ್ಗಕ್ಕೆ ಸಿಗುವ ಹಳೆಯ ಡೆಸ್ಕ್‌ಟಾಪ್ ಡಿಸ್ಕ್ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಕ್ಯಾಮೆರಾಗೆ ಸೆಕೆಂಡಿಗೆ 2 ಮೆಗಾಬಿಟ್ ಹಿಡಿದರೆ ನಾಲ್ಕಕ್ಕೆ 8, ಅಂದರೆ 1 ಮೆಗಾಬೈಟ್. ದಿನಕ್ಕೆ ಸುಮಾರು 86 ಜಿಬಿ. 2 ಟಿಬಿಯಲ್ಲಿ 23 ದಿನ ಉಳಿಯುತ್ತದೆ. ಕೊಳ್ಳುವ ಮೊದಲು ನಿಮ್ಮ ಡಿವಿಆರ್ ಎಷ್ಟು ಟಿಬಿವರೆಗೆ ಒಪ್ಪುತ್ತದೆ ಎಂದು ನೋಡಿಕೊಳ್ಳಿ. ಮೆನುವಿನಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಸಮಯ ಸರಿಪಡಿಸಿ, ನಿಲ್ಲಿಸಿದ್ದ ರೆಕಾರ್ಡಿಂಗ್ ಮತ್ತೆ ಶುರು ಮಾಡಿದೆ. ಮಾರನೇ ದಿನ ನಾಲ್ಕೂ ಕ್ಯಾಮೆರಾದ ರಾತ್ರಿಯ ರೆಕಾರ್ಡಿಂಗ್ ತೆರೆದು ನೋಡಿದೆ.

ಕರೆಂಟ್ ಕಾಟಕ್ಕೆ ರೂಟರ್‌ನ ಪುಟ್ಟ ಯುಪಿಎಸ್ ಸಾಕಾಗಬಹುದು ಅನಿಸಿತ್ತು. ಆದರೆ ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಆ ಕ್ಷಣಕ್ಕೆ 12 ವೋಲ್ಟ್‌ನಲ್ಲಿ 2 ಆಂಪಿಯರ್ ಹತ್ತಿರ ಎಳೆಯಬಹುದು. ಅಷ್ಟು ಅದರ ಕೈಲಾಗದು. ಡಿವಿಆರನ್ನು ಮನೆಯ ಇನ್ವರ್ಟರ್ ಲೈನಿಗೇ ಹಾಕಿಸಿದ್ದೇನೆ.