ಕಟ್ಟಡಗಳ ಸಿನಿಮಾ ಹಬ್ಬ ನಮ್ಮೂರಲ್ಲೇ ಮಾಡುವುದು ಹೇಗೆ?

ನ್ಯೂಯಾರ್ಕಿನಲ್ಲಿ 2009ರಿಂದ ಕಟ್ಟಡ ಮತ್ತು ವಿನ್ಯಾಸದ ಸಿನಿಮಾಗಳಿಗೇ ಅಂತ ಒಂದು ಚಿತ್ರೋತ್ಸವ ನಡೆಯುತ್ತಿದೆ. ಶುರು ಮಾಡಿದವರು ಕೈಲ್ ಬರ್ಗ್‌ಮನ್ ಎಂಬ ಆರ್ಕಿಟೆಕ್ಟ್. 2025ರ ಜನವರಿಯಲ್ಲಿ ಅದು ಮುಂಬೈನ ಎನ್‌ಸಿಪಿಎ ಕಲಾಕೇಂದ್ರಕ್ಕೂ ಬಂತು. ಹೋಗಿ ನೋಡುವವರು ಖಂಡಿತ ನೋಡಲಿ. ಆದರೆ ಮೈಸೂರು, ದಾವಣಗೆರೆ, ಧಾರವಾಡದಂಥ ಊರಿಗೆ ಇದು ಬೇಕೆಂದರೆ ನಾವೇ ಮಾಡಿಕೊಳ್ಳಬೇಕು. ಒಂದು ಹಾಲ್, ಒಂದು ಪ್ರೊಜೆಕ್ಟರ್, ಎರಡು ದಿನ ಇದ್ದರೆ ಸಾಕು. ನಾನು ಮೈಸೂರಿನಲ್ಲಿ ಮನೆ ಪ್ಲಾನ್ ಹಾಕಿ ಹೊಟ್ಟೆ ಹೊರೆಯುವವಳು. ನಡುವೆ ಇಂಥ ಪ್ರದರ್ಶನ ನಡೆಸುವ ಹುಚ್ಚು. ಹೇಗೆ ಮಾಡುವುದು ಅಂತ ಕೇಳುವವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಕೆಲಸ ಸಿನಿಮಾ ಆರಿಸುವುದು. ಹುಡುಕಲು ಕೂತರೆ ದೊಡ್ಡ ಆರ್ಕಿಟೆಕ್ಟ್‌ಗಳನ್ನು ಹಾಡಿ ಹೊಗಳುವ ಸಿನಿಮಾಗಳೇ ಜಾಸ್ತಿ ಸಿಗುತ್ತವೆ. ಡ್ರೋನ್ ಮೇಲೇಳುತ್ತದೆ, ಪಿಯಾನೋ ಕೇಳುತ್ತದೆ, ಖಾಲಿ ಕಾರಿಡಾರಿನಲ್ಲಿ ಬಿಸಿಲು ಬೀಳುತ್ತದೆ. ಒಂದು ಸುಲಭದ ಪರೀಕ್ಷೆ ಇದೆ. ಸೌಂಡ್ ತೆಗೆದು ಹತ್ತು ನಿಮಿಷ ನೋಡಿ. ಅಷ್ಟರೊಳಗೆ ಯಾರೂ ಬಟ್ಟೆ ಒಣಗಿಸದಿದ್ದರೆ, ನೆಲ ಒರೆಸದಿದ್ದರೆ, ಸುಮ್ನೆ ಕೂತು ಹರಟದಿದ್ದರೆ ಆ ಸಿನಿಮಾ ಬಿಟ್ಟುಬಿಡಿ. ಕಟ್ಟಡದಲ್ಲಿ ಬದುಕುವವರು ಮತ್ತು ಅದನ್ನು ನೋಡಿಕೊಳ್ಳುವವರು ಇರುವ ಸಿನಿಮಾನೇ ಊರವರಿಗೆ ಹಿಡಿಸುವುದು.

ನನ್ನ ಪಟ್ಟಿಯಲ್ಲಿ ಮೊದಲು ಬರುವುದು ‘ಕೂಲ್ಹಾಸ್ ಹೌಸ್‌ಲೈಫ್’. 2008ರದ್ದು, ಒಂದು ಗಂಟೆಯೂ ಇಲ್ಲ. ಮಾಡಿದವರು ಇಲಾ ಬೇಕಾ ಮತ್ತು ಲೂಯೀಸ್ ಲೆಮ್ವಾನ್. ಅದರಲ್ಲಿರುವುದು ಫ್ರಾನ್ಸಿನ ಬೋರ್ಡೋ ಹತ್ತಿರ ರೆಮ್ ಕೂಲ್ಹಾಸ್ ಎಂಬ ಆರ್ಕಿಟೆಕ್ಟ್ ಪ್ಲಾನ್ ಹಾಕಿದ ಮನೆ, 1998ರಲ್ಲಿ ಮುಗಿದದ್ದು. ಮನೆಯ ಯಜಮಾನರು ಅಪಘಾತವಾಗಿ ಗಾಲಿಕುರ್ಚಿ ಹಿಡಿದಿದ್ದರು. ಹಾಗಾಗಿ ಒಂದು ಸಣ್ಣ ಕೋಣೆಯಷ್ಟಿರುವ ಲಿಫ್ಟ್ ಮೂರು ಅಂತಸ್ತುಗಳ ನಡುವೆ ಹತ್ತಿ ಇಳಿಯುತ್ತದೆ. ಆದರೆ ಸಿನಿಮಾದ ನಾಯಕಿ ಮನೆ ಕ್ಲೀನ್ ಮಾಡುವ ಗ್ವಾದಲೂಪೆ. ಬಕೆಟ್, ಮಾಪ್ ಎಲ್ಲ ಸುತ್ತ ಇಟ್ಟುಕೊಂಡು ಆಕೆ ಆ ಲಿಫ್ಟಿನ ಮೇಲೆ ಮಹಾರಾಣಿ ಥರ ಮೇಲೇರುತ್ತಾರೆ. ಮುಂದೆ ಇಕ್ಕಟ್ಟಾದ ಸುರುಳಿ ಮೆಟ್ಟಿಲಲ್ಲಿ ವ್ಯಾಕ್ಯೂಮ್ ಕ್ಲೀನರ್ ಎಳೆದುಕೊಂಡು ಒದ್ದಾಡುತ್ತಾರೆ. ಎಲ್ಲೆಲ್ಲಿ ಸೋರುತ್ತದೆ ಅಂತಲೂ ನಮಗೆ ಗೊತ್ತಾಗುತ್ತದೆ. ಆ ಮೆಟ್ಟಿಲಿನ ಜಾಗ ಬಂದಾಗ ಹಾಲ್‌ನಲ್ಲಿರುವ ಹೆಂಗಸರನ್ನು ನೋಡಿ. “ಪ್ಲಾನ್ ಹಾಕಿದವನು ಒಂದಿನನಾದ್ರೂ ಕಸ ಗುಡಿಸಿದ್ದಾನಾ?” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಕಸುಬಿನವರಿಗೆ ಕೊಂಚ ಚುರುಕ್ ಅನ್ನುತ್ತದೆ. ಅನ್ನಲಿ ಬಿಡಿ.

ಎರಡನೆಯದು ‘ದಿ ಪ್ರೂಯಿಟ್-ಐಗೋ ಮಿಥ್’, 2011ರದ್ದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬಡವರಿಗಾಗಿ ಸರ್ಕಾರ 1950ರ ದಶಕದಲ್ಲಿ ಪ್ರೂಯಿಟ್-ಐಗೋ ಎಂಬ ಹೆಸರಲ್ಲಿ ಹನ್ನೊಂದು ಮಹಡಿಯ 33 ಕಟ್ಟಡ ಕಟ್ಟಿಸಿತು. 1972ರಲ್ಲಿ ಕೆಡವುವುದಕ್ಕೆ ಶುರು ಮಾಡಿತು. ಡಿಸೈನೇ ಸರಿಯಿರಲಿಲ್ಲ ಅಂತ ಬಹಳ ಕಾಲ ಎಲ್ಲರೂ ಹೇಳಿದರು. ಕಥೆ ಅಷ್ಟು ಸರಳ ಅಲ್ಲ ಅನ್ನುತ್ತದೆ ಈ ಸಿನಿಮಾ. ರಿಪೇರಿಗೆ ದುಡ್ಡು ಬಾಡಿಗೆಯಿಂದಲೇ ಬರಬೇಕಿತ್ತು. ಜನ ಖಾಲಿ ಮಾಡಿದಂತೆ ಬಾಡಿಗೆ ಇಳಿಯಿತು, ಲಿಫ್ಟು ಕೆಟ್ಟು ನಿಂತಿತು, ಅದಕ್ಕೇ ಇನ್ನಷ್ಟು ಜನ ಹೋದರು. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಕಟ್ಟುವುದಕ್ಕೆ ಜಗಳ ಆಡುವವರೆಲ್ಲ ಇದನ್ನು ನೋಡಬೇಕು.

ಶುರುವಿಗೆ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ‘ಪವರ್ಸ್ ಆಫ್ ಟೆನ್’ ಹಾಕಿ. 1977ರದ್ದು, ಒಂಬತ್ತು ನಿಮಿಷ. ತಡವಾಗಿ ಬರುವವರು ಅಷ್ಟರಲ್ಲಿ ಬಂದು ಕೂರುತ್ತಾರೆ. ಅಹಮದಾಬಾದಿನ ವಿನ್ಯಾಸ ಕಲಿಸುವ ಸಂಸ್ಥೆ ಎನ್‌ಐಡಿ ಹುಟ್ಟಿದ್ದು ಇದೇ ದಂಪತಿ 1958ರಲ್ಲಿ ಕೊಟ್ಟ ವರದಿಯಿಂದ. ಆರ್ಕಿಟೆಕ್ಟ್ ಲೂಯಿ ಕಾನ್ ಬಗ್ಗೆ ಅವರ ಮಗನೇ ಮಾಡಿದ ‘ಮೈ ಆರ್ಕಿಟೆಕ್ಟ್’ ಒಳ್ಳೆಯ ಸಿನಿಮಾನೇ, ಆದರೆ ಸುಮಾರು ಎರಡು ಗಂಟೆ. ಎರಡನೇ ದಿನ ಸಂಜೆಗೆ ಇಟ್ಟುಕೊಳ್ಳಿ. ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ.

ಇನ್ನು ಅನುಮತಿ. ಓಟಿಟಿಗೆ ದುಡ್ಡು ಕಟ್ಟಿದ್ದೇವೆ, ಡಿವಿಡಿ ಕೊಂಡಿದ್ದೇವೆ ಅಂದರೆ ಹಾಲ್‌ನಲ್ಲಿ ತೋರಿಸುವ ಹಕ್ಕು ಬಂತು ಅಂತಲ್ಲ. ನಿರ್ದೇಶಕರಿಗೋ ವಿತರಕರಿಗೋ ಮೇಲ್ ಬರೆಯಿರಿ. ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ, ಯಾವ ತಾರೀಕು, ಎಷ್ಟು ಸಲ ಅಂತ ನಾಲ್ಕೇ ಸಾಲಿನಲ್ಲಿ ಹೇಳಿ, ಫೀಸ್ ಎಷ್ಟು ಅಂತ ಕೇಳಿ. ಎರಡು ತಿಂಗಳು ಮೊದಲೇ ಬರೆದರೆ ಒಳ್ಳೆಯದು. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಶಾಲೆ ಕಾಲೇಜುಗಳಿಗೆ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಆದರೆ ನೋಡುವವರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಇಂಥವರೇ ಆಗಿರಬೇಕು. ಊರವರನ್ನೆಲ್ಲ ಕರೆಯುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ವಿಚಾರವೂ ಬರುತ್ತದೆ. ಅದಿಲ್ಲದ ಸಿನಿಮಾಗಳಿಗೆ ಚಿತ್ರೋತ್ಸವದವರು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುತ್ತಾರೆ. ಮೊದಲ ವರ್ಷ ಒಂದು ಆರ್ಕಿಟೆಕ್ಚರ್ ಕಾಲೇಜಿನ ಜೊತೆ ಸೇರಿ ಮಾಡುವುದೇ ಸಲೀಸು.

ಸಬ್‌ಟೈಟಲ್ ಕನ್ನಡದಲ್ಲಿ ಇರಲಿ. ಸಿನಿಮಾದವರು ಒಪ್ಪಿದರೆ ಇಂಗ್ಲಿಷ್ ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲ್ ಕಳಿಸುತ್ತಾರೆ. ‘ಸಬ್‌ಟೈಟಲ್ ಎಡಿಟ್’ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಸಾಲು ಸಾಲಾಗಿ ಕನ್ನಡ ಟೈಪ್ ಮಾಡಬಹುದು. ಯೂನಿಕೋಡಿನಲ್ಲೇ ಟೈಪ್ ಮಾಡಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ಪರದೆ ಮೇಲೆ ಬರೀ ಗೀಚು ಬರುತ್ತದೆ. ಮಾತು ಪೂರ್ತಿ ಬರೆಯಬೇಕಿಲ್ಲ, ಒಂದು ಸಲಕ್ಕೆ ಎರಡು ಸಾಲು ದಾಟದಿದ್ದರೆ ಸಾಕು.

ಹಾಲ್ ಕತ್ತಲು ಮಾಡುವಾಗ ಕಿಟಕಿಗಿಂತ ವೆಂಟಿಲೇಟರ್ ಕಾಟ ಜಾಸ್ತಿ. ಹಳೇ ಫ್ಲೆಕ್ಸ್ ಬ್ಯಾನರನ್ನು ಎರಡು ಪದರ ಮಡಿಸಿ ಕಟ್ಟಿ. ಬರೀ ಸಿಮೆಂಟ್ ಗೋಡೆಯ ಹಾಲ್ ಆದರೆ ಮಾತು ಗುಂಯ್ ಅನ್ನುತ್ತದೆ, ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಇಳಿಬಿಡಿ. ಕತ್ತಲಾದ ಹಾಲ್‌ನಲ್ಲಿ ಹತ್ತಡಿ ಅಗಲದ ಪರದೆಗೆ 3000 ಲುಮೆನ್ ಪ್ರೊಜೆಕ್ಟರ್ ಸಾಕು. ಪರದೆಯ ಕೆಳಗಿನ ಅಂಚು ನೆಲದಿಂದ ನಾಲ್ಕಡಿ ಮೇಲಿರಲಿ. ಇಲ್ಲದಿದ್ದರೆ ಮುಂದಿನವರ ತಲೆ ಸಬ್‌ಟೈಟಲಿಗೆ ಅಡ್ಡ.

ಕಟ್ಟಡದ ಸಿನಿಮಾಗೆ ಮಾತ್ರ ಬೇಕಾದ ಎಚ್ಚರ ಒಂದಿದೆ. ಬೇರೆ ಸಿನಿಮಾದಲ್ಲಿ ಚಿತ್ರ ಚೂರು ಓರೆಯಾದರೆ ಯಾರೂ ಗಮನಿಸುವುದಿಲ್ಲ. ಇಲ್ಲಿ ಕಂಬಗಳೇ ವಾಲಿಬಿಡುತ್ತವೆ. ಪ್ರೊಜೆಕ್ಟರನ್ನು ಪರದೆಗೆ ನೇರವಾಗಿ ಇಡಿ, ಕೀಸ್ಟೋನ್ ಬಟನ್ ಒತ್ತಿ ಸರಿ ಮಾಡುವುದು ಕೊನೆಯ ದಾರಿ. ಹಿಂದಿನ ದಿನ ಕಂಬಸಾಲಿನ ಒಂದು ದೃಶ್ಯ ನಿಲ್ಲಿಸಿ, ಮೇಸ್ತ್ರಿಯ ತೂಗುಗುಂಡನ್ನು ಪರದೆ ಮುಂದೆ ಇಳಿಬಿಟ್ಟು ನೋಡಿ. ದಾರಕ್ಕೂ ಕಂಬಕ್ಕೂ ಹೊಂದಬೇಕು. ಆಮೇಲೆ ಕಮಾನು ಇರುವ ದೃಶ್ಯ ನೋಡಿ. ಅರ್ಧ ವೃತ್ತ ಚಪ್ಪಟೆಯಾಗಿ ಕಂಡರೆ, ಹಳೆಯ 4:3 ಚಿತ್ರವನ್ನು ಅಗಲದ ಪರದೆಗೆ ಎಳೆದಿದ್ದೀರಿ ಅಂತ ಅರ್ಥ.

ಪ್ರತಿ ಸಿನಿಮಾಗೂ ಮೊದಲು ಐದು ನಿಮಿಷ ಕನ್ನಡದಲ್ಲಿ ಮಾತಾಡಿ. ಹೆಗ್ಗೋಡಿನ ನೀನಾಸಂನವರು 1970ರ ದಶಕದಲ್ಲೇ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿದವರು. ಹಾಗಾಗಿ “ನಮ್ಮ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ” ಅನ್ನುವ ಮಾತಿಗೆ ನಾನು ಕಿವಿ ಕೊಡುವುದಿಲ್ಲ. ಸಿನಿಮಾ ಮುಗಿದ ಮೇಲೆ ಮೈಕನ್ನು ಪ್ರೊಫೆಸರ್ ಕೈಗೆ ಕೊಡಬೇಡಿ. ಮೊದಲು ಗಾರೆ ಮೇಸ್ತ್ರಿಗೋ ಪ್ಲಂಬರಿಗೋ ಕೊಡಿ. “ಈ ಸೋರೋದನ್ನ ನೀವಾದ್ರೆ ಹೇಗೆ ನಿಲ್ಲಿಸ್ತೀರಾ, ಅಣ್ಣಾ?” ಅಂತ ಕೇಳಿ ನೋಡಿ, ಮಾತು ತಾನಾಗಿಯೇ ಹರಿಯುತ್ತದೆ. ಪ್ರೊಫೆಸರ್ ಹೇಗೂ ಆಮೇಲೆ ಮಾತಾಡುತ್ತಾರೆ.

ಪ್ರೂಯಿಟ್-ಐಗೋ ನೋಡಿದ ಮರುದಿನ ಬೆಳಿಗ್ಗೆ ಎಲ್ಲರನ್ನೂ ಒಂದು ಕಟ್ಟಡಕ್ಕೆ ಕರೆದೊಯ್ಯಿರಿ. ಮೈಸೂರಿನಲ್ಲಾದರೆ ದೇವರಾಜ ಮಾರ್ಕೆಟ್. 2016ರಲ್ಲಿ ಅದರ ಒಂದು ಭಾಗ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕಾ, ಇರುವುದನ್ನೇ ರಿಪೇರಿ ಮಾಡಬೇಕಾ ಅನ್ನುವ ಜಗಳ ಕೋರ್ಟಿನವರೆಗೂ ಹೋಯಿತು. ಏಳು ಗಂಟೆಗೆ ಚಿಕ್ಕ ಗಡಿಯಾರದ ಹತ್ತಿರ ಸೇರಿ. ಹದಿನೈದು ಜನಕ್ಕಿಂತ ಜಾಸ್ತಿ ಬೇಡ, ಬೆಳಗಿನ ವ್ಯಾಪಾರಕ್ಕೆ ಅಡ್ಡ ಆಗುತ್ತದೆ. ಕಮಾನು ನೋಡಿ ಮುಗಿಸಬೇಡಿ. ಮಳೆನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ, ಗೋಡೆ ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಟ್ಟಿದೆಯಾ ಅಂತ ಹುಡುಕಿ. ನಿಮ್ಮ ಅಂಗಡಿ ಸೋರಿದರೆ ಯಾರಿಗೆ ಹೇಳುತ್ತೀರಿ, ಅವರು ಬರುತ್ತಾರಾ ಅಂತ ಅಂಗಡಿಯವರನ್ನು ಕೇಳಿ. ಕೇಳುವ ಮೊದಲು ಒಂದು ಮಾರು ಹೂವೋ ಅರ್ಧ ಕೆಜಿ ಬಾಳೆಹಣ್ಣೋ ಕೊಳ್ಳಿ.