ಮೊದಲ ಮದ್ದಿಗೂ ಎರಡನೇ ಮದ್ದಿಗೂ ನಡುವೆ ಸ್ವೀಡನ್ನು ನಾರ್ವೆ ನೋಡಿ ಬರೋದು ಹೇಗೆ

ನಮ್ಮ ಶಿರಸಿ ಕಡೆ ಅಡಕೆ ತೋಟದವ್ರಿಗೆ ಯುರೋಪಿಗೆ ಹೋಗೋಕೆ ದೊಡ್ಡ ಅಡ್ಡಿ ವೀಸಾ ಅಲ್ಲ, ದುಡ್ಡು ಅಂತೂ ಇದ್ದದ್ದೇ, ನಿಜವಾದ ಅಡ್ಡಿ ಎಂತಂದ್ರೆ ಅಲ್ಲಿ ಬೇಸಿಗೆ ಅಂದ್ರೆ ಜೂನ್ ಜುಲೈ, ನಮ್ಮಲ್ಲಿ ಮನೆ ಬಿಟ್ಟು ಹೋಗಲೇಬಾರದ ಎರಡು ತಿಂಗಳು. ಮಗಳು ಸ್ವೀಡನ್ನಿನ ಗೋಥೆನ್‌ಬರ್ಗಲ್ಲಿ ಇದ್ದಾಳೆ, ನಾಲ್ಕು ವರ್ಷದಿಂದ ಬನ್ನಿ ಬನ್ನಿ ಅಂತಿದ್ಲು, ನಮ್ಮನೆಯವ್ರದ್ದು ಒಂದೇ ಉತ್ತರ, ಇಲ್ಲಿ ಅಡಕೆಗೆ ಕೊಳೆರೋಗ ಬಂದ್ರೆ ಯಾರು ನೋಡ್ತಾರೆ. ಕೊನೆಗೆ ನಾನೇ ಕ್ಯಾಲೆಂಡರ್ ಹಿಡ್ಕೊಂಡು ಕೂತೆ. ಕೊಳೆಗೆ ಹೊಡೆಯೋ ಮೊದಲ ಮದ್ದು ಮಳೆ ಹಿಡಿಯೋ ಹೊತ್ತಿಗೆ, ಎರಡನೇದು ಅದಾಗಿ 40–45 ದಿನಕ್ಕೆ. ಅಂದ್ರೆ ನಡುವೆ ಐದು ವಾರ ಬಿಡುವು ಇದೆ ಅಲ್ವ ಅಂದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡನ್ನ ಕೇಳ್ಬೇಕು ಅಂದ್ರು.

ಹಾಗಾಗಿ ಮೊದಲನೇ ಮಾತು: ಟಿಕೆಟ್ ತೆಗೆಯೋಕೆ ಮುಂಚೆ ಕೊನೆಗೌಡನ ಡೇಟ್ ತಗೊಳ್ಳಿ. ಎರಡೂ ಸಲದ್ದು. ಮದ್ದಿಗೆ ಬೇಕಾದ ಮೈಲುತುತ್ತ ಸುಣ್ಣ (100 ಲೀಟರ್ ನೀರಿಗೆ ಒಂದೊಂದು ಕೆಜಿ ಅಂತ ನಿಮಗೇನು ಹೇಳೋದು ಬೇಡ) ಎರಡನೇ ಸಲಕ್ಕೂ ಸೇರಿ ಮೊದಲೇ ತಂದು ಇಟ್ಬಿಡಿ, ಬಂದ್ಮೇಲೆ ಪೇಟೆಗೆ ಓಡೋಕೆ ಮೈ ಬಗ್ಗಲ್ಲ. ಮದ್ದಿನ ಬದಲು ಅಡಕೆ ಗೊನೆಗೆ ಕೊಟ್ಟೆ (ಪ್ಲಾಸ್ಟಿಕ್ ಹೊದಿಕೆ) ಕಟ್ಟಿಸೋರಿಗೆ ಇನ್ನೂ ಅನುಕೂಲ. ಕರಾವಳಿ ಕಡೆಯವ್ರಿಗೆ ಈ ಲೆಕ್ಕ ಬೇರೆ, ದೋಣಿ ಇರೋರಿಗೆ ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ಮೀನುಗಾರಿಕೆ ಬಂದ್ ಇರ್ತದೆ, ಅವ್ರಿಗೆ ಅದೇ ರಜೆ.

ವೀಸಾ. ಷೆಂಗೆನ್ ಒಂದು ತಗೊಂಡ್ರೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್ ಎಲ್ಲ ಆಗ್ತದೆ, ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೆ ಅರ್ಜಿ. ದೊಡ್ಡವ್ರಿಗೆ 90 ಯುರೋ ಫೀಸು, ಕನಿಷ್ಠ 30,000 ಯುರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು, ಆರು ತಿಂಗಳ ಮೊದ್ಲಿಂದಲೇ ಅರ್ಜಿ ಹಾಕ್ಬಹುದು. ನಮಗೆ ತೊಡಕಾಗಿದ್ದು ಕಾಗದಪತ್ರ. ನಮ್ಮ ದುಡ್ಡು ಇರೋದು ಸೊಸೈಟಿ ಖಾತೇಲಿ, ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿದ್ರೆ ಗ್ಯಾಸ್ ಸಬ್ಸಿಡಿ ಬಿಟ್ರೆ ಎಂತದೂ ಇಲ್ಲ, ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲದ್ದಕ್ಕೆ ರಿಟರ್ನ್ ಕೂಡ ಹಾಕಿರ್ಲಿಲ್ಲ. ಅದಕ್ಕೇ ಚಾಲಿ (ಒಣಗಿಸಿ ಸುಲಿದ ಅಡಕೆ) ಕೊಟ್ಟ ದುಡ್ಡನ್ನ ಆರು ತಿಂಗಳು ಮೊದ್ಲೇ ಬ್ಯಾಂಕಿಗೆ ಹಾಕಿಸ್ಕೊಳ್ಳಿ, ಹಿಂದಿನ ದಿನ ಒಟ್ಟಿಗೆ ಸುರಿದ್ರೆ ಎಲ್ಲಿಂದ ಬಂತು ಅಂತ ಕೇಳೋದು ಸಹಜ. ನಾವು ಪಹಣಿ, ಸೊಸೈಟಿ ವಿಕ್ರಿ ಪಟ್ಟಿ ಎರಡನ್ನೂ ಇಂಗ್ಲಿಷ್ ಮಾಡಿಸಿ, ಮಗಳ ಪತ್ರದ ಜೊತೆ ಹಾಕಿದ್ವಿ, ಆಯ್ತು.

ಈಗ ಮನೆ. ಇದನ್ನ ಯಾರೂ ಹೇಳಿಕೊಡಲ್ಲ, ಆದ್ರೆ ಆಷಾಢದಲ್ಲಿ ಐದು ವಾರ ಮುಚ್ಚಿದ ಮನೆ ಅಂದ್ರೆ ಎಂತ ಅಂತ ನಿಮಗೆ ಗೊತ್ತು. ಆಕಳು ಕರು ತವರುಮನೆಗೆ ಕಳಿಸಿದ್ವಿ. ಒಡೆದ ಹಂಚು ಮೇ ತಿಂಗಳಲ್ಲೇ ಬದಲಿಸಿ, ಜೂನಲ್ಲಿ ಮಾಡು ಹತ್ತೋಕೆ ಯಾರೂ ಸಿಗಲ್ಲ. ಫ್ರಿಜ್ ಪೂರ್ತಿ ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಒಂದು ಮರದ ತುಂಡು ಕೊಟ್ಟು ತೆರೆದೇ ಇಡಿ. ಟಿವಿ, ಪಂಪಿನ ಸ್ವಿಚ್ಚು ಎಲ್ಲ ಪ್ಲಗ್ ಕಿತ್ತು ಬಿಡಿ, ಸಿಡಿಲಿಗೆ. ಚರ್ಮದ್ದು ಏನೇ ಇದ್ರೂ, ಬೆಲ್ಟು ಚಪ್ಪಲಿ ಪರ್ಸು, ಪೇಪರಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ. ಮತ್ತೆ ಮುಖ್ಯ, ಪಕ್ಕದ ಮನೆಯವ್ರಿಗೆ ಕೀ ಕೊಟ್ಟು ವಾರಕ್ಕೊಂದ್ಸಲ ಬಾಗಿಲು ಕಿಟಕಿ ತೆಗೆದು ಒಲೆಗೆ ಬೆಂಕಿ ಹಾಕಿ ಅಂತ ಹೇಳಿ, ಹೊಗೆ ಆಡಿದ್ರೆ ಬೂಷ್ಟು ಕಮ್ಮಿ. ನಾನು ಕೀ ಕೊಟ್ಟೆ, ಉಗ್ರಾಣದ ಕೀ ಮಾತ್ರ ಮರೆತು ನನ್ನ ಪರ್ಸಲ್ಲೇ ಸ್ವೀಡನ್ ತನಕ ಹೋಯ್ತು. ಅದರ ಕತೆ ಆಮೇಲೆ.

ಸಾಮಾನು ಕಟ್ಟೋವಾಗ ತುಪ್ಪ, ಪೇಡೆ, ಹಾಲಿನದ್ದು ಯಾವ್ದೂ ಬೇಡ, ಹೊರಗಿನ ದೇಶದಿಂದ ಹಾಲು ಮಾಂಸದ ಪದಾರ್ಥ ಅಲ್ಲಿಗೆ ಒಯ್ಯಂಗಿಲ್ಲ. ಹಸಿ ಸೊಪ್ಪು ಹಣ್ಣಿಗೂ ಸರ್ಟಿಫಿಕೇಟ್ ಬೇಕು, ತಮಾಷೆ ಅಂದ್ರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ಬೇಡ. ವೀಳ್ಯದೆಲೆಗೆ ಬೇಕು. ಅಂದ್ರೆ ಕವಳ ಹಾಕೋರು ಐದು ವಾರ ತಡ್ಕೊಳ್ಬೇಕು, ನಮ್ಮನೆಯವ್ರು ಮೊದಲ ವಾರ ಯಾರ ಹತ್ರನೂ ಸರಿಯಾಗಿ ಮಾತಾಡ್ಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಎರಡು ಪದರ ಪ್ಲಾಸ್ಟಿಕ್ಕಲ್ಲಿ ಸೀಲ್ ಮಾಡಿಸಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಮೊಸರಿನ ಚಿಂತೆ ಬೇಡ, ಸ್ವೀಡನ್ನಲ್ಲಿ ಫಿಲ್‌ಮ್ಯೋಲ್ಕ್ ಅಂತ ಹುಳಿ ಹಾಲು ಪ್ಯಾಕೆಟ್ಟಲ್ಲಿ ಸಿಗ್ತದೆ, ಅದಕ್ಕೆ ಜೀರಿಗೆ ಮೆಣಸು ಹುರಿದು ಅರೆದು ಹಾಕಿ ಒಗ್ಗರಣೆ ಕೊಟ್ರೆ ತಂಬುಳಿ, ಮಗಳು ಎರಡು ಲೋಟ ಕುಡಿದು ಕಣ್ಣೀರು ಹಾಕಿದ್ಲು.

ಅಲ್ಲಿ ಹೋದ್ಮೇಲೆ ಕ್ಯಾಶ್ ಮರೆತುಬಿಡಿ. ಗೋಥೆನ್‌ಬರ್ಗಲ್ಲಿ ಬಸ್ಸಲ್ಲೇ ನೋಟು ತಗೊಳಲ್ಲ, ಎಲ್ಲ ಕಾರ್ಡು, ಆ್ಯಪು. ಮಶೀನು ರೂಪಾಯಿಲಿ ಕಟ್ತೀರಾ ಕ್ರೋನಾದಲ್ಲಿ ಕಟ್ತೀರಾ ಅಂತ ಕೇಳಿದ್ರೆ ಯಾವಾಗ್ಲೂ ಅವ್ರ ದುಡ್ಡಲ್ಲೇ ಅನ್ನಿ, ರೂಪಾಯಿ ಅಂದ್ರೆ ಅವ್ರು ಹಾಕಿದ್ದೇ ರೇಟು. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮೂರದ್ದೂ ಹೆಚ್ಚುಕಮ್ಮಿ ಒಂದೇ ಹೆಸರಿನ ದುಡ್ಡು ಆದ್ರೆ ಬೇರೆ ಬೇರೆ, ಫಿನ್ಲೆಂಡಲ್ಲಿ ಯುರೋ. ನೀರು ಕೊಳ್ಳಬೇಡಿ, ನಲ್ಲಿ ನೀರೇ ಚೆನ್ನಾಗಿದೆ. ಬಾಟಲಿ ಕೊಂಡ್ರೂ ಎಸೀಬೇಡಿ, ನಾರ್ವೇಲಿ ಸಣ್ಣದಕ್ಕೆ 2 ದೊಡ್ಡದಕ್ಕೆ 3 ಕ್ರೋನ ಅಂಗಡಿ ಮಶೀನಲ್ಲಿ ವಾಪಸ್ ಬರ್ತದೆ, ನಮ್ಮನೆಯವ್ರು ಇದಕ್ಕೆ ಎಷ್ಟು ಬಿದ್ರು ಅಂದ್ರೆ ಬೇರೆಯವ್ರು ಬಿಟ್ಟ ಬಾಟಲಿನೂ ಹೆಕ್ಕೋಕೆ ಹೋದ್ರು, ಮಗಳು ಮಾನ ಹೋಯ್ತು ಅಂತ.

ಮಿಡ್‌ಸೊಮ್ಮರ್ ಅಂತ ಅಲ್ಲಿ ದೊಡ್ಡ ಹಬ್ಬ, ಜೂನ್ 19ರಿಂದ 25ರ ನಡುವೆ ಬರೋ ಶುಕ್ರವಾರ. ಆವತ್ತು ಊರೇ ಖಾಲಿ, ಸಾಮಾನು ಹಿಂದಿನ ದಿನವೇ ತಂದಿಟ್ಕೊಳ್ಳಿ. ಇನ್ನು ಬೆಳಕು. ಜೂನಲ್ಲಿ ಸೂರ್ಯ ಮುಳುಗೋದೇ ರಾತ್ರಿ ಹತ್ತು ದಾಟಿದ ಮೇಲೆ, ಬೆಳಗ್ಗೆ ನಾಲ್ಕೂವರೆ ಒಳಗೆ ಮತ್ತೆ ಹಾಜರು. ಸಾಯಂ ಸಂಧ್ಯಾವಂದನೆ ಹತ್ತೂವರೆಗೆ ಮಾಡೋದಾ ಅಂತ ಇವ್ರಿಗೆ ದೊಡ್ಡ ಪ್ರಶ್ನೆ, ಕೊನೆಗೆ ಶಿರಸಿ ಟೈಮಿಗೆ ಮಾಡ್ತೇನೆ ಅಂತ ಮಧ್ಯಾಹ್ನ ಮೂರೂವರೆಗೆ ಕೂತ್ರು, ಅಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ ಅಲ್ವ. ನಿದ್ದೆಗೆ ಕಣ್ಣಿಗೆ ಕಟ್ಟೋ ಪಟ್ಟಿ ಒಯ್ಯಿರಿ, ಇಲ್ಲಾಂದ್ರೆ ಕಪ್ಪು ಪಂಚೆ ಕಿಟಕಿಗೆ.

ನೋಡೋದ್ರಲ್ಲಿ ನನ್ನ ಕೇಳಿದ್ರೆ ಸ್ಟಾಕ್‌ಹೋಮಿನ ವಾಸಾ ಹಡಗು ಬಿಡಬೇಡಿ. 1628ರಲ್ಲಿ ಮೊದಲ ಸಲ ಯಾನಕ್ಕೆ ಹೊರಟ ದಿನವೇ ಮುಳುಗಿದ ಹಡಗು, 1961ರಲ್ಲಿ ಮೇಲೆತ್ತಿದ್ರು, ಆ ಸಮುದ್ರದ ನೀರಲ್ಲಿ ಉಪ್ಪು ಕಮ್ಮಿ ಇರೋದ್ರಿಂದ ಮರ ಕೊರೆಯೋ ಹುಳ ಇಲ್ಲ, ಅದಕ್ಕೇ ಹಾಗೇ ಉಳಿದಿದ್ದು. ಮರ ಒಣಗಿ ಬಿರುಕು ಬಿಡಬಾರ್ದು ಅಂತ ಅದಕ್ಕೆ 17 ವರ್ಷ ಮದ್ದು ಹೊಡೆದಿದ್ದಾರೆ, ಅದೇ ಸ್ಪ್ರೇ! ಇವ್ರು ಆ ಬೋರ್ಡಿನ ಮುಂದೆ ನಿಂತವ್ರು ಕದಲ್ಲೇ ಇಲ್ಲ. ನಾವು ವರ್ಷಕ್ಕೆ ಎರಡು ಸಲಕ್ಕೇ ಕೊನೆಗೌಡನ ಕಾಲು ಹಿಡೀತೇವೆ ಅಂದ್ರು.

ಓಸ್ಲೋದಿಂದ ಬರ್ಗನ್ನಿಗೆ ರೈಲಲ್ಲೇ ಹೋಗಿ, ಸುಮಾರು ಏಳು ಗಂಟೆ, ಫಿನ್ಸೆ ಸ್ಟೇಷನ್ 1222 ಮೀಟರ್ ಎತ್ತರ, ಜೂನಲ್ಲೂ ಹಿಮ ಇತ್ತು. ಮಿರ್ಡಾಲಲ್ಲಿ ಇಳಿದು ಫ್ಲೋಮ್ ಅನ್ನೋ ಊರಿಗೆ ಬೇರೆ ಸಣ್ಣ ರೈಲು, ಇಪ್ಪತ್ತು ಕಿಲೋಮೀಟರಲ್ಲಿ ಎಂಟುನೂರು ಮೀಟರಿಗೂ ಜಾಸ್ತಿ ಇಳೀತದೆ, ನಮ್ಮ ಕ್ಯಾಸಲ್‌ರಾಕ್ ಘಟ್ಟದ ರೈಲುದಾರಿ 37 ಮೀಟರಿಗೆ ಒಂದು ಮೀಟರ್ ಇಳಿದ್ರೆ ಇದು 18ಕ್ಕೆ ಒಂದು. ಟಿಕೆಟ್ ತುಟ್ಟಿ, ಬೇಗ ಬುಕ್ ಮಾಡಿ. ಬರ್ಗನ್ನಲ್ಲಿ ಮಳೆ, ವರ್ಷಕ್ಕೆ 2000 ಮಿಲಿಮೀಟರ್ ದಾಟ್ತದೆ, ಮಳೆ ತಪ್ಪಿಸ್ಕೊಂಡು ಬಂದು ಮತ್ತೆ ಮಳೆಗೇ ದುಡ್ಡು ಕೊಟ್ಟು ಬಂದಂಗಾಯ್ತು. ಗಾಳಿ ಮಳೆಗೆ ಛತ್ರಿ ನಿಲ್ಲಲ್ಲ, ಒಳ್ಳೇ ರೇನ್‌ಕೋಟ್ ಬೇಕು. ಬ್ರೂನೋಸ್ಟ್ ಅಂತ ಕಂದು ಬಣ್ಣದ ಚೀಸ್ ಕೊಟ್ರು, ಧಾರವಾಡ ಪೇಡೆಗೆ ಉಪ್ಪು ಹಾಕಿದಂಗಿತ್ತು, ನನಗೆ ಸೇರ್ತು. ಕೋಪನ್‌ಹೇಗನ್ ಒಂದು ದಿನ ಸಾಕು. ಅಲ್ಲಿಂದ ಸ್ವೀಡನ್ನಿಗೆ ಸಮುದ್ರದ ಮೇಲೆ ರೈಲು ಬರ್ತದೆ, ಪಾಸ್‌ಪೋರ್ಟ್ ಕೈಲೇ ಇರಲಿ.

ಮನೆಗೆ ಒಯ್ಯೋಕೆ ಉಪ್ಪಿನ ಲಿಕೊರಿಸ್ ಮಿಠಾಯಿ ತರಲೇಬೇಡಿ, ಭಾವನ ಮೊಮ್ಮಕ್ಕಳು ಉಗಿದ್ರು. ಅವ್ರ ಗಟ್ಟಿ ರೊಟ್ಟಿ ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಹಸಿ ಹಪ್ಪಳ. ತಂದಿದ್ರಲ್ಲಿ ಉಪಯೋಗಕ್ಕೆ ಬಂದಿದ್ದು ಚೀಸ್ ಹೆರೆಯೋ ಸಟ್ಟುಗ ಒಂದೇ, 1925ರಲ್ಲಿ ಒಬ್ಬ ನಾರ್ವೆ ಬಡಗಿ ಪೇಟೆಂಟ್ ಮಾಡಿಸಿದ್ದಂತೆ, ಬಾಳೆಕಾಯಿ ಚಿಪ್ಸಿಗೆ ಅದಕ್ಕಿಂತ ಒಳ್ಳೇದು ಇಲ್ಲ.

ವಾಪಸ್ ಬರೋವಾಗ ಎರಡು ದಿನ ಕೈಲಿಟ್ಕೊಳ್ಳಿ. ಕೊಂಕಣ ರೈಲು ಮಳೆಗಾಲದ ಟೈಮ್‌ಟೇಬಲ್ಲಲ್ಲಿ ನಿಧಾನ ಓಡ್ತದೆ, ಘಟ್ಟ ಯಾವಾಗ ಕುಸೀತದೆ ಗೊತ್ತಿಲ್ಲ, 2024ರ ಜುಲೈ 16ಕ್ಕೆ ಅಂಕೋಲೆ ಹತ್ರ ಶಿರೂರಲ್ಲಿ ಗುಡ್ಡ ಬಿದ್ದು ಹೈವೇ ಎಷ್ಟು ದಿನ ಬಂದಾಗಿತ್ತು ನೆನಪಿರ್ಬೇಕು. ನಾವು ಹುಬ್ಬಳ್ಳಿ ಮೇಲಿಂದ ಬಂದ್ವಿ.

ಬಾಗಿಲು ತೆಗೆದಾಗ ಜಗಲಿ, ಅಡುಗೆಮನೆ ಪರವಾಗಿರ್ಲಿಲ್ಲ, ಪಕ್ಕದ ಮನೆ ಅತ್ತಿಗೆ ಹೇಳಿದಂಗೇ ಹೊಗೆ ಹಾಕಿದ್ರು. ಉಗ್ರಾಣ ತೆಗೆದೆ. ವಾಸನೆ ಮೊದ್ಲು ಬಂತು. ಮೂರು ಭರಣಿ ಅಪ್ಪೆಮಿಡಿಲಿ ಒಂದರ ಬಟ್ಟೆ ಮೇಲೆ ಹಸಿರು ಬೂಷ್ಟು, ಬಿಚ್ಚಿದ್ರೆ ರಸದ ಮೇಲೆ ಬಿಳಿ ಪೊರೆ, ತೊಟ್ಟು ಹಿಡಿದು ಎತ್ತಿದ್ರೆ ಮಿಡಿ ಬೆರಳಲ್ಲೇ ಮೆತ್ತಗೆ ಕೂತುಬಿಡ್ತು. ಉಳಿದ ಎರಡರಲ್ಲಿ ಮಿಡಿ ಪೂರ್ತಿ ರಸದಲ್ಲಿ ಮುಳುಗಿತ್ತು, ಏನೂ ಆಗಿರ್ಲಿಲ್ಲ. ಹೋಗೋಕೆ ಮುಂಚೆ ರಸ ಕಮ್ಮಿ ಇದ್ರೆ ಉಪ್ಪುನೀರು ಕಾಯಿಸಿ ಆರಿಸಿ ತುಂಬಿಸಿ, ಮೇಲೆ ಒಂದು ಭಾರ ಇಡಿ, ಮತ್ತೆ ದಯವಿಟ್ಟು ಆ ಕೀ ಕೊಡಿ.

ಮೊದಲ ದಿನ ಎಂತ ಕೆಲಸನೂ ಇಟ್ಕೊಳ್ಬೇಡಿ. ಅಂಗಳದಲ್ಲಿ ಪಾಚಿ ಕಟ್ಟಿರ್ತದೆ, ಸೋಗೆ ಹಾಸದೆ ಕಾಲಿಡಬೇಡಿ, ಯುರೋಪೆಲ್ಲ ತಿರುಗಿ ಬಂದು ಮನೆ ಅಂಗಳದಲ್ಲಿ ಸೊಂಟ ಮುರ್ಕೊಂಡ್ರೆ ಇನ್ಶೂರೆನ್ಸೂ ಬರಲ್ಲ. ಏಳೂವರೆಗೆ ಕತ್ತಲಾಗಿದ್ದು ನೋಡಿ ನನಗೇ ಗಾಬರಿ ಆಯ್ತು, ಐದು ವಾರ ಕತ್ತಲು ಅಂತ ಸರಿಯಾಗಿ ನೋಡೇ ಇರ್ಲಿಲ್ಲ, ಕರೆಂಟೂ ಇರ್ಲಿಲ್ಲ. ರಾತ್ರಿ ಎರಡರ ತನಕ ನಿದ್ದೆ ಬರಲ್ಲ, ಹಂಚಿನ ಮೇಲೆ ಮಳೆ ಹೊಯ್ಯೋದು ಕೇಳ್ತಾ ಬಿದ್ಕೊಂಡಿದ್ದೆ, ಪಕ್ಕದಲ್ಲಿ ಇವ್ರು ಕವಳ ಜಗಿಯೋ ಸದ್ದು.

ಮೂರನೇ ದಿನ ಮಳೆ ಹೊಳವಾಯ್ತು. ಕೊನೆಗೌಡ ಹೇಳಿದ ಟೈಮಿಗೆ ಬಂದ, ನಮ್ಮ ಲೆಕ್ಕದಲ್ಲಿ 42ನೇ ದಿನ. ಮೇಲಿಂದಲೇ ಕೂಗಿ ಕೇಳ್ದ, ಹೆಗಡೇರೇ, ಅಲ್ಲಿ ಅಡಕೆ ಉಂಟಾ?